ಕಿಟಕಿ ಕಡೆ, ಗೋಡೆ ಕಡೆ

ಮಾರ್ಚ್ 2, ಮಂಗಳವಾರ

ಮೂವತ್ತೊಂದು ವರ್ಷದ ನೌಕರಿಯಲ್ಲಿ ಕಚೇರಿಯ ಒಂದಕ್ಷರವನ್ನೂ ನಾನು ಮನೆಗೆ ತಂದವಳಲ್ಲ. ಸ್ಟೆನೋ ಎಂದರೆ ಎರಡು ಕಿವಿ, ಒಂದು ಕೈ. ಬಾಯಿಗೆ ಬೀಗ. ಆದರೆ ಇವತ್ತಿನದನ್ನು ಎಲ್ಲಾದರೂ ಕಕ್ಕದಿದ್ದರೆ ನನಗೆ ಊಟ ಇಳಿಯುವುದಿಲ್ಲ. ಬರೆದು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ತುರುಕುತ್ತೇನೆ. ಅಕ್ಕನ ಕಣ್ಣಿಗೆ ಬೀಳದಿದ್ದರೆ ಸಾಕು.

ಏಳು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡದ ಎರಡು ದೇಶದವರು ನಮ್ಮ ಊರಿಗೆ ಮಾತುಕತೆಗೆ ಬಂದಿದ್ದಾರೆ. ನಮಗೆ ಇಬ್ಬರ ಹಂಗೂ ಇಲ್ಲ, ಅದಕ್ಕೇ ಇಲ್ಲಿಗೆ ಬಂದರು. ಜಗಳ ಯಾವುದಕ್ಕಪ್ಪಾ ಎಂದರೆ, ಸಮುದ್ರದ ನಡುವಿನ ಒಂದು ಮರಳುದಿಬ್ಬಕ್ಕೆ. ದಿನಕ್ಕೆ ಎರಡು ಸಲ ಅದು ಪೂರ್ತಿ ಮುಳುಗುತ್ತದಂತೆ. ಮುಳುಗಿದಾಗ ಯಾರದು, ಎದ್ದಾಗ ಯಾರದು, ದೇವರೇ ಬಲ್ಲ. ಅದರ ಹತ್ತಿರ ಬಲೆ ಬೀಸಿದ ಮೀನುಗಾರರನ್ನು ಇವರು ಅವರವರನ್ನು, ಅವರು ಇವರವರನ್ನು ಹಿಡಿದು ಜೈಲಿಗೆ ಹಾಕಿಕೊಂಡಿದ್ದಾರೆ. ಒಂದು ಕಡೆ ಹದಿನಾಲ್ಕು ಜನ, ಇನ್ನೊಂದು ಕಡೆ ಹನ್ನೊಂದು. ಎಲ್ಲರ ಮೇಲೂ ಬೇಹುಗಾರಿಕೆಯ ಆರೋಪ. ಇದೇ ಹತ್ತೊಂಬತ್ತಕ್ಕೆ ಎರಡೂ ದೇಶಗಳಲ್ಲಿ ತೀರ್ಪು. ತೀರ್ಪು ಬಂತೆಂದರೆ ಹದಿನೈದು ವರ್ಷ ಯಾರೂ ಯಾರನ್ನೂ ಬಿಡುವ ಹಾಗಿಲ್ಲ. ಮಾತಾಡಿ ಬಿಡಿಸಿಕೊಳ್ಳುವುದಿದ್ದರೆ ಅಷ್ಟರೊಳಗೆ ಆಗಬೇಕು.

ಮೊದಲ ದಿನ ಏನು ಮಾಡಿದರು ಘನಂದಾರಿ ಜನ? ದಾಖಲೆಯಲ್ಲಿ ಯಾರನ್ನು ‘ಮೊದಲ ನಿಯೋಗ’ ಎನ್ನಬೇಕು, ಯಾರನ್ನು ‘ಎರಡನೇ ನಿಯೋಗ’ ಎನ್ನಬೇಕು ಎಂದು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕಿತ್ತಾಡಿದರು. ನಲವತ್ತೊಂದು ಪುಟ ಬರೆದೆ. ಎರಡು ದೇಶಕ್ಕೂ ನಮಗೂ ಭಾಷೆ ಒಂದೇ, ದುಭಾಷಿ ಬೇಡ. ಅದೇ ತೊಂದರೆ. ಬೈದದ್ದು ಬೈದ ಹಾಗೇ ಹೋಗಿ ತಲುಪುತ್ತದೆ.

ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ಶುರು. “ಕೇಳೇ, ಮೇಲಿನ ಮನೇದು ನೀರಿನ ಪೈಪಿದೆಯಲ್ಲ...”

“ಅಕ್ಕಾ, ಇಡೀ ದಿನ ಕೇಳಿ ಕೇಳಿ ಕಿವಿ ತೂತಾಗಿದೆ. ಬಿಟ್ಟುಬಿಡು ನನ್ನ,” ಅಂದೆ. ಮುಖ ಊದಿಸಿಕೊಂಡು ಕೂತಿದ್ದಾಳೆ. ಕೂರಲಿ.

ಮಾರ್ಚ್ 4, ಗುರುವಾರ

ಹೆಸರಿನ ಜಗಳ ಮುಗಿಯಿತು. ಮುಗಿಸಿದ್ದು ಜಡ್ಜಮ್ಮ. ಮಾತುಕತೆಯ ಅಧ್ಯಕ್ಷೆ ಆಕೆ. ನಮ್ಮ ದೇಶದ ನಿವೃತ್ತ ನ್ಯಾಯಾಧೀಶೆ, ಎಂಬತ್ತರ ಹತ್ತಿರದ ವಯಸ್ಸು, ಕುರ್ಚಿಯಲ್ಲಿ ಕೂತರೆ ಪಾದ ನೆಲಕ್ಕೆ ತಾಗುವುದಿಲ್ಲ. ಎರಡು ದಿನ ಇಬ್ಬರದ್ದೂ ಕೇಳಿಸಿಕೊಂಡು ಕೊನೆಗೆ ಹೀಗಂದರು: “ನೀವು ಕಿಟಕಿ ಪಕ್ಕ ಕೂತಿದೀರಿ. ನೀವು ಗೋಡೆ ಪಕ್ಕ ಕೂತಿದೀರಿ. ಇವತ್ತಿಂದ ನೀವು ಕಿಟಕಿ ಕಡೆ, ನೀವು ಗೋಡೆ ಕಡೆ. ಆಗಲ್ಲ ಅನ್ನೋರು ಎದ್ದು ಹೋಗ್ಬಹುದು, ಲಿಫ್ಟು ಸರಿಯಾಗೇ ಇದೆ.” ಯಾರೂ ಏಳಲಿಲ್ಲ.

ದಾಖಲೆಯಲ್ಲೂ ಇನ್ನು ಅದೇ ಹೆಸರು. ನಾನೂ ಎರಡೂ ಕಡೆಯ ಮುಖಂಡರಿಗೆ ಮನಸ್ಸಿನಲ್ಲೇ ನಾಮಕರಣ ಮಾಡಿದೆ: ಕಿಟಕಿ ಸಾಹೇಬರು, ಗೋಡೆ ಸಾಹೇಬರು.

ನನ್ನ ಕೆಲಸಕ್ಕೂ ಇದು ಅನುಕೂಲ. ನನ್ನ ಪುಸ್ತಕದ ಪ್ರತಿ ಪುಟಕ್ಕೂ ನಡುವೆ ಒಂದು ಗೆರೆ. ಎಡಗಡೆಯಿಂದ ಬಂದ ಮಾತು ಗೆರೆಯ ಎಡಕ್ಕೆ, ಬಲಗಡೆಯಿಂದ ಬಂದದ್ದು ಬಲಕ್ಕೆ. ದೊಡ್ಡ ಮೇಜಿನ ತುದಿಯಲ್ಲಿ ನನ್ನ ಪುಟ್ಟ ಡೆಸ್ಕು. ಕಿಟಕಿ ನನ್ನ ಎಡಕ್ಕೆ, ಗೋಡೆ ಬಲಕ್ಕೆ. ಎಡದ ಸಾಲು ಕಿಟಕಿಯವರದು, ಬಲದ ಸಾಲು ಗೋಡೆಯವರದು. ತಲೆ ಎತ್ತುವ ಪ್ರಮೇಯವೇ ಇಲ್ಲ. ನನಗೆ ಕಲಿಸಿದವರು ಮೊದಲ ದಿನವೇ ಹೇಳಿದ್ದರು, ಮಾತಾಡುವವರ ಮುಖ ನೋಡಬೇಡ, ನೋಡಿದರೆ ಕೈ ನಿಧಾನವಾಗುತ್ತದೆ ಎಂದು. ನಾನು ನೋಡಿಲ್ಲ. ಮಂತ್ರಿಗಳು ಅತ್ತಾಗಲೂ ನೋಡಿಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ದಾಖಲೆಯಲ್ಲಿ ಒಂದು ತಪ್ಪನ್ನು ಯಾರೂ ಹಿಡಿದಿಲ್ಲ. ಹಿಡಿದು ತೋರಿಸಲಿ ನೋಡೋಣ.

ನಮ್ಮಲ್ಲಿ ಒಂದು ಹಳೆಯ ಪದ್ಧತಿ ಇದೆ, ಜಡ್ಜಮ್ಮ ಅದನ್ನು ಇಬ್ಬರಿಗೂ ವಿವರಿಸಿದರು. ಹಿಂದಿನ ದಿನದ ದಾಖಲೆಯನ್ನು ಬೆಳಿಗ್ಗೆ ನಾನು ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಎರಡೂ ಕಡೆಯ ಮುಖಂಡರು “ಇದು ನಮ್ಮ ಮಾತು” ಎಂದು ಹೇಳಿ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಇಬ್ಬರೂ ಒಪ್ಪದೆ ಒಂದು ಚುಕ್ಕೆಯನ್ನೂ ಅಳಿಸುವಂತಿಲ್ಲ.

ಗೇಟಿನ ಎದುರು ಬಸ್‌ಸ್ಟಾಪಿನಲ್ಲಿ ಒಬ್ಬಾಕೆ ಮೂರು ದಿನದಿಂದ ಕೂತಿದ್ದಾಳೆ. ಬಸ್ಸು ಬಂದರೂ ಹತ್ತುವುದಿಲ್ಲ. ತೊಡೆಯ ಮೇಲೆ ಯಾರದೋ ಪ್ಯಾಂಟು ಹರಡಿಕೊಂಡು ಅಂಚು ಹೊಲಿಯುತ್ತಿರುತ್ತಾಳೆ. ನಾನು ಹೊರಗೆ ಬಂದ ಕೂಡಲೇ ಸೂಜಿ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಾಳೆ. ಕಿರಿಕಿರಿ.

ಮಾರ್ಚ್ 9, ಮಂಗಳವಾರ

ದಿಬ್ಬ. ದಿಬ್ಬ. ದಿಬ್ಬ. ಇವತ್ತು ಅದರ ಉದ್ದ ಎಷ್ಟು ಎಂದು ಎರಡು ತಾಸು. ಕಿಟಕಿಯವರು ಒಂದು ಲೆಕ್ಕ ಹೇಳಿದರೆ ಗೋಡೆಯವರು ಇನ್ನೊಂದು. ಆಮೇಲೆ ಅದರ ಹೆಸರು. ಇಬ್ಬರೂ ಅದಕ್ಕೆ ಬೇರೆ ಬೇರೆ ಹೆಸರಿಟ್ಟುಕೊಂಡಿದ್ದಾರೆ. ಒಬ್ಬರು ಅವರ ಹೆಸರು ಹೇಳಿದ ಕೂಡಲೇ ಇನ್ನೊಬ್ಬರು ಮೇಜು ಗುದ್ದುತ್ತಾರೆ. ನೀರಿನ ಲೋಟ ಉರುಳಿ ನನ್ನ ಪುಸ್ತಕದ ಅಂಚು ನೆನೆಯಿತು. ಮೈಯೆಲ್ಲ ಉರಿದುಹೋಯಿತು ನನಗೆ.

ಜಡ್ಜಮ್ಮ ಹೊಸ ಕಾನೂನು ಮಾಡಿದರು. ಈ ಕೋಣೆಯಲ್ಲಿ ಇನ್ನು ಯಾರೂ ಅಂಕಿ ಹೇಳಬಾರದು, ಊರಿನ ಹೆಸರು, ಸಮುದ್ರದ ಹೆಸರು, ಯಾವ ಹೆಸರನ್ನೂ ಹೇಳಬಾರದು. “ಅಂಕಿ, ಹೆಸರು ಬಿಟ್ಟು ನಿಮ್ಮ ಹತ್ರ ಏನು ಮಾತು ಉಳಿಯುತ್ತೋ ಅದನ್ನ ಮಾತಾಡಿ,” ಅಂದರು.

ಅದಾದ ಮೇಲೆ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಉಳಿದದ್ದು ಏನೂ ಇರಲಿಲ್ಲವೇನೋ.

ಬಸ್‌ಸ್ಟಾಪಿನಾಕೆ ಇವತ್ತು ಮಾತಾಡಿಸಿಯೇಬಿಟ್ಟಳು. “ಅಕ್ಕಾವ್ರೇ, ನೀವು ಒಳಗೆ ಬರೆಯೋರಂತೆ. ಕಾವಲಿನವರು ಹೇಳಿದ್ರು. ನಾನು ಟೈಲರು. ಹಿಡಿದು ಹಾಕಿರೋ ಮೀನುಗಾರರಲ್ಲಿ ನನ್ನ ತಮ್ಮ ಇದಾನೆ. ಅಮ್ಮ ಹೋದಾಗ ಮೂರು ವರ್ಷದವನು, ನಾನೇ ಸಾಕಿದ್ದು.”

“ನನಗೆ ಮಾತಾಡೋ ಹಾಗಿಲ್ಲಮ್ಮ,” ಅಂದೆ.

“ಮಾತಾಡ್ಬೇಡಿ. ಸುಮ್ನೆ ದಿನಾ ಈ ಕಡೆಯಿಂದಾನೇ ಹೋಗಿ. ಮುಖ ನೋಡ್ತೀನಿ ಅಷ್ಟೇ.”

ನನ್ನ ಮುಖದಲ್ಲಿ ಏನು ಬೋರ್ಡು ತಗುಲಿಸಿದೆಯೇ? ನಾಳೆಯಿಂದ ಹಿಂದಿನ ಗೇಟಿನಿಂದ ಹೋಗುವುದೇ ವಾಸಿ.

ಮಾರ್ಚ್ 11, ಗುರುವಾರ

ಇಡೀ ದಿನಕ್ಕೆ ಒಂಬತ್ತು ಪುಟ. ಮೊದಲು ಯಾರು ಬಿಡಬೇಕು ಎಂಬಲ್ಲಿಗೆ ಬಂದು ನಿಂತಿದೆ. ನೀವು ಬಿಡಿ, ಆಮೇಲೆ ನಾವು. ಇಲ್ಲ, ನೀವು ಬಿಡಿ, ಆಮೇಲೆ ನಾವು. ಒಟ್ಟಿಗೆ ಬಿಡಿ ಎಂದರೆ, ಒಟ್ಟಿಗೆ ಬಿಟ್ಟರೆ ಅವರ ಬೇಡಿಕೆಗೆ ನಾವು ಮಣಿದ ಹಾಗಾಗುತ್ತದೆ ಎಂದು ಇಬ್ಬರೂ ಅದೇ ಮಾತು. ಆ ಮಾತನ್ನು ಎಡಸಾಲಿನಲ್ಲಿ ಒಮ್ಮೆ ಬರೆದೆ, ಬಲಸಾಲಿನಲ್ಲಿ ಒಮ್ಮೆ ಬರೆದೆ.

ಹಿಂದಿನ ಗೇಟಿಗೆ ಬೀಗ ಹಾಕಿದ್ದರು. ಮುಂದಿನಿಂದಲೇ ಬಂದೆ.

ಮಾರ್ಚ್ 15, ಸೋಮವಾರ

ಬೆನ್ನು ನೋವು. ಏ.ಸಿ.ಯಿಂದ ನೀರು ತೊಟ್ಟಿಕ್ಕಿ ನನ್ನ ಡೆಸ್ಕೆಲ್ಲ ಕೆರೆ. ಕಟ್ಟಡದ ಮೇಸ್ತ್ರಿ ಡೆಸ್ಕನ್ನು ಎತ್ತಿ ದೊಡ್ಡ ಮೇಜಿನ ಆಚೆ ತುದಿಗೆ ಇಟ್ಟ. ಅಲ್ಲಿ ಕುರ್ಚಿ ತಗ್ಗು, ಬೆಳಕೂ ಸಾಲದು. ಗೊಣಗಿದರೆ ಯಾರು ಕೇಳುತ್ತಾರೆ?

ತೀರ್ಪಿಗೆ ನಾಲ್ಕು ದಿನ. ಜಡ್ಜಮ್ಮನಿಗೂ ಸಾಕಾಗಿದೆ ಅನ್ನಿಸುತ್ತದೆ. ಇವತ್ತು ಬಂದವರೇ, “ಸಮುದ್ರದ ಮಾತು ಇವತ್ತು ಬೇಡ. ನನಗೆ ಒಂದೊಂದು ಮನೆ ವಿಷಯ ಹೇಳಿ. ಹಿಡಿದುಕೊಂಡು ಹೋದವರ ಮನೇಲಿ ಈಗ ಏನಾಗ್ತಿದೆ, ಅದನ್ನ ಹೇಳಿ. ಇನ್ನೊಬ್ರು ಮಧ್ಯೆ ಬಾಯಿ ಹಾಕೋ ಹಾಗಿಲ್ಲ,” ಅಂದರು. ಇಬ್ಬರೂ ಹೇಳಿದರು. ತಗ್ಗಿದ ದನಿಯಲ್ಲಿ ಹೇಳಿದರು, ಕಿವಿ ಚುರುಕು ಮಾಡಿಕೊಂಡು ಬರೆಯಬೇಕಾಯಿತು. ಏಣಿ, ಸ್ನಾನ, ಮುದುಕ, ಹೀಗೇನೇನೋ. ಹದಿಮೂರು ಪುಟ. ಟೈಪು ಮಾಡಿ ಲಕೋಟೆಗೆ ಹಾಕಿ ಬಂದೆ.

ಟೈಲರಮ್ಮ ಇವತ್ತು ಹೊಲಿಗೆ ತಂದಿರಲಿಲ್ಲ. ಖಾಲಿ ಕೈಯಲ್ಲಿ ಕೂತಿದ್ದಳು. ನೋಡಲಾಗಲಿಲ್ಲ.

ಮಾರ್ಚ್ 16, ಮಂಗಳವಾರ

ಇವತ್ತಿನದೆಲ್ಲವನ್ನೂ ಕ್ರಮವಾಗಿ ಬರೆಯಬೇಕು. ಇಂಥ ದಿನವನ್ನು ನಾನು ಕಂಡೇ ಇರಲಿಲ್ಲ, ಇನ್ನು ಕಾಣುವುದೂ ಇಲ್ಲ.

ಬೆಳಿಗ್ಗೆ ಹತ್ತಕ್ಕೆ ಎದ್ದು ನಿಂತು ಓದಲು ಶುರುಮಾಡಿದೆ. “ಕಿಟಕಿ ಕಡೆಯ ಮುಖಂಡರು ಹೇಳಿದ್ದು. ನಮ್ಮಲ್ಲಿ ಒಂದು ಮನೆ ಇದೆ. ಆ ಮನೆಯವನು ಗೋಡೆಗೆ ಬಣ್ಣ ಹೊಡೆಯೋಕೆ ಶುರುಮಾಡಿದ್ದ. ಅರ್ಧ ಮನೆ ನೀಲಿ ಆಗಿತ್ತು. ಉಳಿದಿದ್ದು ಬಂದು ಹೊಡೀತೀನಿ ಅಂತ ದೋಣಿ ಹತ್ತಿದ. ಏಣಿ ಇನ್ನೂ ನಡುಮನೇಲೇ ನಿಂತಿದೆ. ಹೆಂಡತಿ ಅದನ್ನ ಯಾರಿಗೂ ಮುಟ್ಟೋಕೆ ಬಿಡಲ್ಲ. ಮಕ್ಕಳು ಅದರ ಕೆಳಗೇ ನುಸುಳಿಕೊಂಡು ಶಾಲೆಗೆ ಹೋಗ್ತಾರೆ.”

ಆಗ ಒಂದು ಕುರ್ಚಿ ಕಿರ್ರೆಂದಿತು. ನನ್ನ ಎಡಗಡೆ. ಓದುತ್ತಲೇ ಇದ್ದೆ. ಮತ್ತೆ ಕಿರ್ರೆಂದಿತು. ಎಂದೂ ತಲೆ ಎತ್ತದವಳು ತಲೆ ಎತ್ತಿದೆ. ಎಡಗಡೆ ಗೋಡೆ ಇತ್ತು.

ಎಡಗಡೆ ಗೋಡೆ!

ಆಚೆ ತುದಿಗೆ ಹೋಗಿ ಕೂತಿದ್ದೇನೆ, ಕಿಟಕಿ ಈಗ ನನ್ನ ಬಲಕ್ಕೆ, ಗೋಡೆ ಎಡಕ್ಕೆ. ಆದರೆ ನನ್ನ ಕೈ ಮೂವತ್ತೊಂದು ವರ್ಷದ ಚಾಳಿಯಂತೆ ಎಡದ ಮಾತನ್ನು ಎಡಕ್ಕೆ, ಬಲದ ಮಾತನ್ನು ಬಲಕ್ಕೆ ಹಾಕುತ್ತಾ ಹೋಗಿದೆ. ನಾನೋ, ಎಡದ ಸಾಲು ಕಿಟಕಿಯವರದು ಎಂದು ಕಣ್ಣುಮುಚ್ಚಿ ಟೈಪು ಮಾಡಿದ್ದೇನೆ. ಇಡೀ ದಾಖಲೆ ಅದಲುಬದಲು. ಏಣಿಯ ಮನೆಯ ಕಥೆ ಹೇಳಿದ್ದು ಗೋಡೆ ಸಾಹೇಬರು. ಅದನ್ನು ನಾನು ಕಿಟಕಿ ಸಾಹೇಬರ ಬಾಯಿಂದ ಓದುತ್ತಿದ್ದೇನೆ. ಅಂಕಿ ಇಲ್ಲ, ಊರಿನ ಹೆಸರಿಲ್ಲ, ಸಿಕ್ಕಿಬೀಳಲು ಒಂದು ಗುರುತೂ ಇಲ್ಲ.

ಓದು ನಿಂತಿತು. ಗೋಡೆ ಸಾಹೇಬರು ಅರ್ಧ ಎದ್ದು, ಮೇಜಿನ ಮೇಲೆ ಎರಡೂ ಕೈ ಊರಿ, ಎದುರಿನ ಕಿಟಕಿ ಸಾಹೇಬರನ್ನೇ ನೋಡುತ್ತಿದ್ದರು. ಹದಿನಾಲ್ಕು ದಿನದಲ್ಲಿ ನಾನು ಅವರ ಮುಖ ನೋಡಿದ್ದು ಅದೇ ಮೊದಲು. ದಪ್ಪ ಹುಬ್ಬಿನ ಮನುಷ್ಯ, ಕೆನ್ನೆಯ ಮೇಲೆ ಶೇವಿಂಗಿನ ಗಾಯ. ಕಿಟಕಿ ಸಾಹೇಬರೂ ಅವರನ್ನೇ ನೋಡುತ್ತಿದ್ದರು. ಅವರಿಗೂ ಗೊತ್ತಾಗಿತ್ತು. ಉಳಿದವರು ತಮ್ಮ ತಮ್ಮ ಕಾಗದ ತಿರುವುತ್ತಾ ಕೂತಿದ್ದರು.

ಈಗ ಮೇಜು ಗುದ್ದುತ್ತಾರೆ, ಈಗ ಎದ್ದು ಹೊರಡುತ್ತಾರೆ, ನನ್ನ ಕೈಯಿಂದಲೇ ಇಪ್ಪತ್ತೈದು ಜನರ ಬದುಕು ಮಣ್ಣುಪಾಲಾಯಿತು ಎಂದುಕೊಂಡೆ. ಗೋಡೆ ಸಾಹೇಬರು ನಿಧಾನವಾಗಿ ಕೂತರು.

“ಓದಿ,” ಅಂದರು. “ನಿಲ್ಲಿಸ್ಬೇಡಿ.”

ಓದಿದೆ. ಬೇರೆ ಏನು ಮಾಡಲಿ? ಏಣಿಯ ಕಥೆ ಮುಗಿಸಿದೆ. ಆಮೇಲೆ, “ಗೋಡೆ ಕಡೆಯ ಮುಖಂಡರು ಹೇಳಿದ್ದು,” ಎಂದು ಕಿಟಕಿ ಸಾಹೇಬರ ಕಥೆ ಶುರುಮಾಡಿದೆ. “ನಮ್ಮಲ್ಲಿ ಒಬ್ಬ ಮುದುಕ ಇದಾನೆ. ಮರೆವು. ದಿನಾ ಬೆಳಿಗ್ಗೆ ಎದ್ದು ಮಗ ಎಲ್ಲಿ ಅಂತ ಕೇಳ್ತಾನೆ. ಸೊಸೆ, ಸ್ನಾನಕ್ಕೆ ಹೋಗಿದಾನೆ ಮಾವ, ಅಂತಾಳೆ. ಇಷ್ಟು ತಿಂಗಳಿಂದ ದಿನಾ ಅದೇ ಉತ್ತರ. ಮೊನ್ನೆ ಮುದುಕ ರೇಗಿಬಿಟ್ಟ. ಎಷ್ಟೊತ್ತೇ ಸ್ನಾನ ಅವನದು, ನೀರೆಲ್ಲ ಖಾಲಿ ಮಾಡ್ತಾನೆ, ಬಾಗಿಲು ತಟ್ಟು, ಅಂದ. ಸೊಸೆ ಹೋಗಿ ಖಾಲಿ ಬಚ್ಚಲುಮನೆಯ ಬಾಗಿಲು ತಟ್ಟಿದಳು.”

ಕಿಟಕಿ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಾವೇ ನಿನ್ನೆ ಹೇಳಿದ ಮಾತು, ಎದುರಿನವನ ಮಾತಾಗಿ ಕೇಳುತ್ತಿದ್ದರು. ಆ ಕೋಣೆಯಲ್ಲಿ ಆಗ ಏನಿತ್ತು ಎಂದು ಹೇಗೆ ಬರೆಯಲಿ? ಉಸಿರಾಡಲು ಭಯವಾಗುವಂಥದ್ದು ಏನೋ ಇತ್ತು.

ಓದು ಮುಗಿಯಿತು. ಜಡ್ಜಮ್ಮ ಪದ್ಧತಿಯಂತೆ ಕೇಳಿದರು. “ಕಿಟಕಿ ಕಡೆ, ಇದು ನಿಮ್ಮ ಮಾತಾ?”

ಕಿಟಕಿ ಸಾಹೇಬರು ಕನ್ನಡಕ ಎತ್ತಿ ಮತ್ತೆ ಹಾಕಿಕೊಂಡರು. “ಹೌದು,” ಅಂದರು. “ಆ ಏಣಿ ಮನೆ... ನಮ್ಮ ಮಾತೇ ಅದು.”

“ಗೋಡೆ ಕಡೆ?”

“ನಮ್ಮ ಮುದುಕನೇ,” ಅಂದರು ಗೋಡೆ ಸಾಹೇಬರು. ಇಬ್ಬರೂ ಸಹಿ ಹಾಕಿದರು.

ಯಾಕೆ ಹಾಗೆ ಮಾಡಿದರು? ನನಗೆ ಗೊತ್ತಿಲ್ಲ. ನನ್ನ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಹದಿನಾಲ್ಕು ದಿನ ಒಂದು ನೀರಿನ ಲೋಟಕ್ಕೂ ಜಗಳವಾಡಿದವರು ಇವರೇ.

ಆದರೆ ತಪ್ಪು ತಪ್ಪೇ. ಮಧ್ಯಾಹ್ನ ಜಡ್ಜಮ್ಮನ ಕೋಣೆಗೆ ಹೋಗಿ ಎಲ್ಲ ಒಪ್ಪಿಸಿದೆ. ಅಳು ಬಂದುಬಿಟ್ಟಿತು. ಆಕೆ ಟೀ ಲೋಟ ಊದುತ್ತಾ, “ಎಲ್ಲರ ಎದುರು ಎದ್ದು ಹೇಳಿ. ತಿದ್ದೋಕೆ ಇಬ್ಬರ ಒಪ್ಪಿಗೆ ಬೇಕಲ್ಲ,” ಅಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು.

ಎದ್ದು ಹೇಳಿದೆ. ಎರಡೂ ಕಡೆಯ ವಕೀಲರು ಹೌಹಾರಿ ಪುಟ ಮಗುಚಿದರು. ಜಡ್ಜಮ್ಮ, “ತಿದ್ದೋಣವಾ?” ಎಂದು ಕೇಳಿದರು.

“ನಮ್ಮ ಒಪ್ಪಿಗೆ ಇಲ್ಲ,” ಅಂದರು ಕಿಟಕಿ ಸಾಹೇಬರು.

“ನಮ್ಮದೂ ಇಲ್ಲ,” ಅಂದರು ಗೋಡೆ ಸಾಹೇಬರು.

ಹದಿನಾಲ್ಕು ದಿನದಲ್ಲಿ ಇಬ್ಬರೂ ಸೇರಿ ಒಪ್ಪಿದ ಮೊದಲ ವಿಷಯ ನನ್ನ ತಪ್ಪು.

ಹೊರಗೆ ಬಂದಾಗ ಟೈಲರಮ್ಮ ಎದ್ದೇ ನಿಂತಳು. “ಏನೋ ಆಗಿದೆ,” ಅಂದಳು. ನಾನು ತುಟಿ ಎರಡು ಮಾಡಲಿಲ್ಲ. ಆದರೆ ಅವಳ ಮುಖವನ್ನು ಸರಿಯಾಗಿ ನೋಡಿದೆ. ಎಡ ಹುಬ್ಬಿನ ಹತ್ತಿರ ಒಂದು ಮಚ್ಚೆ ಇದೆ ಅವಳಿಗೆ.

ಮಾರ್ಚ್ 17, ಬುಧವಾರ

ಏ.ಸಿ. ಸರಿಯಾಯಿತು, ಡೆಸ್ಕು ಹಳೆಯ ಜಾಗಕ್ಕೆ ಬಂತು. ಇವತ್ತು ಬರೆಯುವಾಗ ಮತ್ತೆ ಮತ್ತೆ ತಲೆ ಎತ್ತಿದೆ. ಯಾರು ಮಾತಾಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದಲ್ಲವೇ, ಅದಕ್ಕೆ.

ಬೆಳಿಗ್ಗೆ ಮತ್ತೆ ಹಳೆಯ ರಾಗ: ಮೊದಲು ಯಾರು ಬಿಡಬೇಕು? ಕಿಟಕಿ ಕಡೆಯ ವಕೀಲರು ತಮ್ಮ ಸರ್ಕಾರ ಎದುರಿನವರ ಬೇಡಿಕೆಗೆ ಮಣಿದಂತೆ ಕಾಣುವ ಯಾವುದಕ್ಕೂ ಒಪ್ಪುವುದಿಲ್ಲ ಎಂದು ಓದಿ ಹೇಳಿದರು. ಅಷ್ಟರಲ್ಲಿ ಕಿಟಕಿ ಸಾಹೇಬರು ಕೈ ಎತ್ತಿ ಅವರನ್ನು ತಡೆದರು.

“ಒಂದು ನಿಮಿಷ. ನಿನ್ನೆ ಸಹಿ ಆಗಿರೋ ದಾಖಲೆ ಪ್ರಕಾರ ನಾವು ಯಾರನ್ನ ಕೇಳ್ತಿದೀವಿ?”

ವಕೀಲರು ದಾಖಲೆಯ ಪುಟ ಹುಡುಕತೊಡಗಿದರು.

“ಏಣಿ ಮನೆಯವನನ್ನ ಕೇಳ್ತಿದೀವಿ,” ಅಂದರು ಕಿಟಕಿ ಸಾಹೇಬರು. “ಅವನು ನಮ್ಮವನು ಅಂತ ಬರೆದಿದೆ, ನಾನೇ ಸಹಿ ಹಾಕಿದೀನಿ. ಅವನು ಇರೋದೆಲ್ಲಿ? ನಮ್ಮ ಜೈಲಲ್ಲೇ. ನಮ್ಮ ಬೇಡಿಕೆ, ನಮ್ಮ ಜೈಲು, ಕೀಲಿನೂ ನಮ್ಮ ಹತ್ರಾನೇ. ಇದಕ್ಕೆ ಇನ್ನೊಬ್ಬರು ಮೊದಲು ಏನಾದ್ರೂ ಮಾಡ್ಲಿ ಅಂತ ಯಾಕೆ ಕಾಯ್ಬೇಕು ನಾವು?”

ನನ್ನ ಪೆನ್ಸಿಲ್ಲು ನಿಂತುಹೋಯಿತು. ಕೆಲಸದ ಮಧ್ಯೆ ನಿಂತದ್ದು ಇದೇ ಮೊದಲು.

ಗೋಡೆ ಸಾಹೇಬರು ಮೊದಲು ನಕ್ಕರು. ಸಣ್ಣಗೆ ಶುರುವಾದದ್ದು, ಭುಜ ಕುಲುಕುವ ತನಕ ಹೋಯಿತು. ನಗು ನಿಂತ ಮೇಲೆ ಮುಖ ಒರೆಸಿಕೊಂಡು, “ಹಾಗಾದ್ರೆ ನಮ್ಮ ಮುದುಕನ ಮಗ ನಮ್ಮಲ್ಲೇ ಇದಾನೆ. ನಾವೂ ಯಾರಿಗೂ ಮಣೀಬೇಕಾಗಿಲ್ಲ. ನಾವು ಕೇಳಿದ್ದನ್ನ ನಾವೇ ಕೊಟ್ಕೋತೀವಿ,” ಅಂದರು.

“ದಾಖಲೇಲಿ ಇರೋದು ಒಂದೊಂದು ಮನೆ ಮಾತ್ರ ಸರ್,” ಎಂದು ವಕೀಲರು ತೊದಲಿದರು.

“ಉಳಿದ ಮನೆಗಳ ವಿಷಯಾನೂ ಈಗ ಹೇಳ್ತೀನಿ, ಬರ್ಕೊಳ್ಳಲಿ,” ಅಂದರು ಕಿಟಕಿ ಸಾಹೇಬರು. ಅಂದವರು ಎದುರಿನವರ ಕಡೆ ತಿರುಗಿದರು. “ನೀವು ಹೇಳ್ಕೊಡಿ. ನ‌ನಗೆ ಆ ಮನೆಗಳು ಗೊತ್ತಿಲ್ಲ.”

ಮಧ್ಯಾಹ್ನವೆಲ್ಲ ಅದೇ ನಡೆಯಿತು. ಗೋಡೆ ಸಾಹೇಬರು ಒಂದೊಂದೇ ಮನೆಯ ಸುದ್ದಿ ಹೇಳುವುದು, ಕಿಟಕಿ ಸಾಹೇಬರು ಅದನ್ನು ತಮ್ಮ ಮಾತಾಗಿ ನನಗೆ ಬರೆಸುವುದು. ಆಮೇಲೆ ಇವರು ಹೇಳುವುದು, ಅವರು ಬರೆಸುವುದು. ಒಂದು ಕಡೆ ಕಿಟಕಿ ಸಾಹೇಬರು ಒಂದು ಮಗು ಶಾಲೆಗೆ ಹೋಗುತ್ತೆ ಎಂದು ತಪ್ಪಾಗಿ ಬರೆಸಿದರು. ಗೋಡೆ ಸಾಹೇಬರು, “ಅಲ್ಲ, ಅದಕ್ಕಿನ್ನೂ ಹಲ್ಲು ಬಂದಿಲ್ಲ,” ಎಂದು ತಿದ್ದಿದರು. ಜಡ್ಜಮ್ಮ ನೆಲಕ್ಕೆ ತಾಗದ ಕಾಲನ್ನು ಆಡಿಸುತ್ತಾ ಕೂತಿದ್ದರು, ಕಣ್ಣು ತುಂಬಿತ್ತು.

ಎಂಥ ಜನ ಇವರು! ಇವರನ್ನು ಮೊದಲ ದಿನ ಘನಂದಾರಿಗಳು ಎಂದು ಬರೆದಿದ್ದೇನೆ. ಆ ಪದವನ್ನು ಹೊಡೆದುಹಾಕಬೇಕೆಂದುಕೊಂಡೆ. ಇರಲಿ, ದಾಖಲೆ ದಾಖಲೆಯೇ.

ಮಾರ್ಚ್ 18, ಗುರುವಾರ

ಕರಡು ಎರಡು ರಾಜಧಾನಿಗಳಿಗೂ ಹೋಗಿದೆ. ಗೋಡೆಯವರ ಸರ್ಕಾರ ಬೆಳಿಗ್ಗೆಯೇ ಹೂಂ ಅಂದಿದೆ. ಕಿಟಕಿಯವರದು ಇನ್ನೂ ಇಲ್ಲ. ಸಾಯಂಕಾಲ ಐದಾದರೂ ಇಲ್ಲ. ತೀರ್ಪು ನಾಳೆ ಹನ್ನೊಂದಕ್ಕೆ.

ಕಿಟಕಿ ಸಾಹೇಬರು ಪಡಸಾಲೆಯಲ್ಲಿ ಫೋನು ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದರು. ಗೋಡೆ ಸಾಹೇಬರು ಒಂದು ಕುರ್ಚಿ ಎಳೆದು ತಂದು, “ಕೂತ್ಕೊಂಡು ಮಾತಾಡಿ, ಕಾಲು ನೋಯುತ್ತೆ,” ಅಂದರು.

ಮನೆಯಲ್ಲಿ ಕೈಕಾಲು ಆಡಲಿಲ್ಲ. ಅಕ್ಕನ ಪಕ್ಕ ಕೂತೆ. ಅವಳು ಮೇಲಿನ ಮನೆಯ ಪೈಪಿನ ಕಥೆಯನ್ನು ಪೂರ್ತಿ ಹೇಳಿದಳು. ಅದು ಪೈಪಿನ ಕಥೆಯೇ ಅಲ್ಲ. ಮೇಲಿನ ಮನೆಯ ವಿಧುರ ನಲ್ಲಿ ಬಿಟ್ಟು ಮರೆತು ಕೂರುತ್ತಾನಂತೆ. ಇವಳು ಈ ಮಂಡಿನೋವಿನಲ್ಲಿ ದಿನಾ ಮೆಟ್ಟಿಲು ಹತ್ತಿ ನಲ್ಲಿ ನಿಲ್ಲಿಸಿ, ಅವನ ಜೊತೆ ಎರಡು ಮಾತಾಡಿ ಬರುತ್ತಾಳಂತೆ. ಇಷ್ಟು ದೊಡ್ಡ ವಿಷಯವನ್ನು ನನಗೆ ಇಷ್ಟು ದಿನ ಹೇಳಿಯೇ ಇಲ್ಲ ನೋಡಿ ಇವಳು!

ಮಾರ್ಚ್ 19, ಶುಕ್ರವಾರ

ಹತ್ತೂ ನಲವತ್ತಕ್ಕೆ ಹೂಂ ಬಂತು.

ಎರಡೂ ಕಡೆ ತೀರ್ಪು ಓದಲಿಲ್ಲ. ಮೊಕದ್ದಮೆ ವಾಪಸ್ಸು. ಸೋಮವಾರ ಎಲ್ಲರನ್ನೂ ನಮ್ಮ ಊರಿಗೇ ಕರೆತರುತ್ತಾರೆ.

ಹೊರಗೆ ಬಂದು ಟೈಲರಮ್ಮನ ಎದುರು ನಿಂತೆ. ಹೇಳುವ ಹಾಗಿಲ್ಲ, ಸಂಜೆ ರೇಡಿಯೋದಲ್ಲಿ ಬರುವವರೆಗೂ ಹೇಳುವ ಹಾಗಿಲ್ಲ. ಅವಳು ನನ್ನನ್ನು ನೋಡಿದಳು. ನೋಡುತ್ತಾ ನೋಡುತ್ತಾ ಬೆಂಚಿನ ಮೇಲೆ ಕುಸಿದು ಬಾಯಿಗೆ ಬಟ್ಟೆ ಒತ್ತಿಕೊಂಡಳು. ನಾನು ಏನೂ ಹೇಳಲಿಲ್ಲ. ಆಣೆಗೂ ಹೇಳಲಿಲ್ಲ.

ಮಾರ್ಚ್ 22, ಸೋಮವಾರ

ಬರೆಯುವ ಕೆಲಸವಿರಲಿಲ್ಲ, ಆದರೂ ಒಂಬತ್ತಕ್ಕೇ ಹೋದೆ. ಅಕ್ಕನೂ ಬರುತ್ತೇನೆ ಎಂದಳು, ಗೇಟಿನ ಹತ್ತಿರ ಕುರ್ಚಿ ಹಾಕಿಸಿ ಕೂರಿಸಿದೆ. ಕಟ್ಟಡದ ಮುಂದಿನ ಅಂಗಳಕ್ಕೆ ಎರಡು ಬಸ್ಸು ಬಂದು ನಿಂತವು. ಇಬ್ಬರು ಸಾಹೇಬರೂ ಮೆಟ್ಟಿಲ ಮೇಲೆ ಅಕ್ಕಪಕ್ಕದಲ್ಲಿ ನಿಂತಿದ್ದರು. ಬಸ್ಸಿನಲ್ಲಿದ್ದವರಿಗೆಲ್ಲ ಒಂದೇ ಬಗೆಯ ಬೂದು ಸ್ವೆಟರು ಕೊಟ್ಟಿದ್ದರು. ಕಿಟಕಿ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಇಣುಕಿದರು.

“ನಮ್ಮವರು ಯಾವ ಗಾಡೀಲಿದಾರೆ?”

“ಎಲ್ಲರೂ ಇಳೀಲಿ, ಇರ‍್ರಿ,” ಅಂದರು ಗೋಡೆ ಸಾಹೇಬರು.

ಇಳಿದರು. ಒಬ್ಬೊಬ್ಬರಾಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನೆಲದ ಮೇಲೆ ನಂಬಿಕೆಯಿಲ್ಲದವರ ಹಾಗೆ ಕಾಲಿಡುತ್ತಾ ಇಳಿದರು. ಎಣಿಸುತ್ತಾ ಹೋದೆ. ಇಪ್ಪತ್ತೊಂದು, ಇಪ್ಪತ್ತೆರಡು. ಇಷ್ಟು ದಿನ ನಾನು ಬರೆದ ನೂರಾರು ಪುಟ ಹೀಗೆ ಕೈಕಾಲು ಬಂದು ನನ್ನ ಕಣ್ಣೆದುರು ನಡೆದಾಡುತ್ತಿದ್ದವು. ಬೇಲಿಯ ಆಚೆ ನಿಂತಿದ್ದ ಮನೆಮಂದಿ ಕೂಗಿ ಕರೆಯುತ್ತಿದ್ದರು. ಇಪ್ಪತ್ತಮೂರು. ಇಪ್ಪತ್ತನಾಲ್ಕು.

ಮುಂದೆ ಯಾರೂ ಇಳಿಯಲಿಲ್ಲ. ಟೈಲರಮ್ಮ ಬೇಲಿಗೆ ಎರಡೂ ಕೈ ಹಾಕಿ ನಿಂತಿದ್ದಳು. ಕೂಗುತ್ತಿರಲಿಲ್ಲ. ಎಣಿಕೆ ತಪ್ಪಿದೆನೇ? ತಪ್ಪಿರಲಪ್ಪಾ, ಇನ್ನೊಂದು ತಪ್ಪು ಮಾಡಿರಲಿ ನಾನು ಎಂದುಕೊಂಡೆ. ಎರಡನೇ ಬಸ್ಸಿನ ಡ್ರೈವರು ಒಳಗೆ ತಿರುಗಿ ಯಾರಿಗೋ ಏನೋ ಹೇಳಿದ. ಆಮೇಲೆ, ಸೀಟುಗಳ ಮೇಲೆ ಎಲ್ಲರೂ ಬಿಟ್ಟುಹೋಗಿದ್ದ ಕಂಬಳಿಗಳನ್ನು ಮಡಿಸಿ ಎದೆಗೆ ಆನಿಸಿಕೊಂಡು, ಉದ್ದನೆಯ ಒಬ್ಬ ಹುಡುಗ ಬಾಗಿಲಿಗೆ ಬಂದ. ಕಂಬಳಿ ಯಾರಿಗೆ ಕೊಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿದ. ಹುಬ್ಬಿನ ಹತ್ತಿರ ಮಚ್ಚೆ.

ಟೈಲರಮ್ಮ ಅಪ್ಪಿಕೊಳ್ಳಲಿಲ್ಲ. ಅವನನ್ನು ರಟ್ಟೆ ಹಿಡಿದು ಬಸ್‌ಸ್ಟಾಪಿಗೆ ಎಳೆದುಕೊಂಡು ಬಂದಳು. ನಾನೂ ಹಿಂದೆಯೇ ಹೋದೆ, ಯಾಕೆಂದು ಕೇಳಿದರೆ ಹೇಳಲಾರೆ. ದಾರಿಯುದ್ದಕ್ಕೂ ಬೈಗುಳ. “ಮಡಿಸ್ತಿದ್ದನಂತೆ ಕಂಬಳಿ! ಎಲ್ಲರೂ ಇಳಿದ್ರೂ ಇವನಿಗೆ ಕಂಬಳಿ! ನಾನಿಲ್ಲಿ ಸತ್ತು ಬದುಕ್ತಿದೀನಿ, ಮಹಾರಾಯ ಮನೆಗೆಲಸ ಮಾಡ್ತಿದಾನೆ! ನೋಡು ಹೆಂಗಾಗಿದೀಯ, ಯಾವ ಬಟ್ಟೆ ಆಗುತ್ತೋ ನಿಂಗೆ ಈಗ? ನಿಂತ್ಕೋ ನೆಟ್ಟಗೆ.”

ಅವನು ಕಣ್ಣೊರೆಸಿಕೊಂಡು ನೆಟ್ಟಗೆ ನಿಂತ. ಅವಳು ಚೀಲದಿಂದ ಅಳತೆ ಟೇಪು ತೆಗೆದು ಅವನ ಭುಜದ ಮೇಲೆ ಹಿಡಿದಳು. ಟೇಪು ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಅದರ ಒಂದು ತುದಿಯನ್ನು ನಾನು ಹಿಡಿದುಕೊಂಡೆ.